ಶಿಬೊಲೆತ್: ಅರ್ಥ, ಹುಟ್ಟು, ಬಳಕೆ – ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಅನುವಾದ ಶುರು ಮಾಡಿದ ಹೊಸತರಲ್ಲಿ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ರಾಜಕಾರಣಿಯೊಬ್ಬರ ಬಗ್ಗೆ ಬರೆದ ಲೇಖನ ಅದು. ಅವರು ತಮ್ಮದೇ ಪಕ್ಷದ 'ಶಿಬೊಲೆತ್'ಗಳನ್ನು ಒಪ್ಪಲಿಲ್ಲ ಅಂತ ಒಂದು ವಾಕ್ಯ ಇತ್ತು. ನಿಘಂಟು ತೆಗೆದೆ, ಮೊದಲ ಸಾಲಿನ ಅರ್ಥ ನೋಡಿದೆ, ಮುಚ್ಚಿದೆ. 'ಪಕ್ಷದ ಸಂಕೇತಪದಗಳನ್ನು ಅವರು ತಿರಸ್ಕರಿಸಿದರು' ಎಂದು ಬರೆದು ಕಳಿಸಿಬಿಟ್ಟೆ. ಹಿರಿಯ ಸಂಪಾದಕರು ಆ ಪದಕ್ಕೆ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟರು. 'ಏನಪ್ಪಾ, ಪಕ್ಷದವರಿಗೂ ಪಾಸ್‌ವರ್ಡ್ ಇರುತ್ತಾ? ಆಫೀಸಿನ ಬಾಗಿಲಲ್ಲಿ ಹೇಳಿ ಒಳಗೆ ಹೋಗ್ತಾರಾ?'

ಅಲ್ಲಿಂದ ಈ ಪದದ ಬೆನ್ನು ಬಿದ್ದೆ. ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯದಲ್ಲಿ, ಭಾಷಾಶಾಸ್ತ್ರದ ಪುಸ್ತಕಗಳಲ್ಲಿ, ಕೊನೆಗೆ ಕಾಲೇಜು ಲೈಬ್ರರಿಯ ಲಾಗಿನ್ ವ್ಯವಸ್ಥೆಯಲ್ಲೂ ಇದು ಕಾಣಿಸುತ್ತದೆ. ದಿನಾ ಕೇಳುವ ಪದ ಅಲ್ಲ. ಆದರೆ ಒಮ್ಮೆ ಸರಿಯಾಗಿ ಕೈಗೆ ಸಿಕ್ಕರೆ, 'ಅರೆ, ಇದಕ್ಕೊಂದು ಹೆಸರಿದೆಯಾ?' ಅನ್ನಿಸುವಂಥದ್ದು. ನಾನು ಹಿಡಿದ ದಾರಿಯನ್ನೇ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಬಾಯಿಗೆ ತನ್ನಿ

ಬೇರೆ ಪದವಾಗಿದ್ದರೆ ಉಚ್ಚಾರವನ್ನು ಕೊನೆಗೆ ಇಡಬಹುದಿತ್ತು. ಈ ಪದದ ಹುಟ್ಟೇ ಉಚ್ಚಾರದಿಂದ ಆಗಿರುವುದರಿಂದ ಅಲ್ಲಿಂದಲೇ ಶುರು ಮಾಡೋಣ.

ಕಾಗುಣಿತ ಹೀಗಿದೆ: ಎಸ್, ಎಚ್, ಐ, ಎರಡು ಬಿ, ಓ, ಎಲ್, ಇ, ಟಿ, ಎಚ್. ಎರಡು ಬಿ ಇದೆ ಅಂತ 'ಶಿಬ್ಬೊಲೆತ್' ಎಂದು ಒತ್ತಿ ಹೇಳಬೇಡಿ. 'ರ್‍ಯಾಬಿಟ್' ಪದದಲ್ಲೂ ಎರಡು ಬಿ ಇದೆ, ನಾವು 'ರ್‍ಯಾಬ್ಬಿಟ್' ಅನ್ನಲ್ಲ ಅಲ್ವಾ? ಇದೂ ಹಾಗೆಯೇ. ಒತ್ತು ಬೀಳುವುದು ಮೊದಲ 'ಶಿ' ಮೇಲೆ. ನಡುವಿನ 'ಬೊ' ತುಂಬಾ ಸಡಿಲ, 'ಬ'ಗೂ 'ಬೊ'ಗೂ ನಡುವೆ ಜಾರಿಹೋಗುವ ಸದ್ದು. ಕೊನೆಯ ಭಾಗವನ್ನು ಬ್ರಿಟನ್ನಿನವರು 'ಲೆತ್' ಅನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ಅದು ಬಹುಪಾಲು 'ಲತ್' ಆಗುತ್ತದೆ. ಎರಡೂ ಸರಿ.

ನಮಗೆ ತೊಡಕು ಕೊಡುವುದು ಕೊನೆಯ ಸದ್ದು. 'ಥಿಂಕ್' ಪದದ ಆರಂಭದಲ್ಲಿ ಬರುವ ಸದ್ದು ಅದು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಅಂಚಿಗೆ ಸುಮ್ನೆ ತಾಗಿಸಿ ಗಾಳಿ ಬಿಡಬೇಕು. ಕನ್ನಡದಲ್ಲಿ ಆ ಸದ್ದೇ ಇಲ್ಲ. ನಾವು 'ತ್' ಅನ್ನುತ್ತೇವೆ, ಇಲ್ಲವೇ 'ಥ್' ಎಂದು ಉಸಿರು ಸೇರಿಸುತ್ತೇವೆ. ಎರಡರಲ್ಲೂ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ತಡೆದೇ ಬಿಡುತ್ತದೆ. ಹೀಗಾಗಿ 'ಶಿಬೊಲೆತ್' ಅಂದ ತಕ್ಷಣ ನಾವು ಭಾರತದವರು ಅನ್ನೋದು ಗೊತ್ತಾಗಿಬಿಡುತ್ತದೆ. ಇದರಲ್ಲೊಂದು ತಮಾಷೆ ಇದೆ, ಮುಂದಿನ ಹೆಜ್ಜೆ ಓದಿದ ಮೇಲೆ ತಿಳಿಯುತ್ತದೆ.

ಹೆಜ್ಜೆ 2: ನದಿ ದಂಡೆಗೆ ಹೋಗಿ ಬನ್ನಿ

ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ನ್ಯಾಯಸ್ಥಾಪಕರು ಎಂಬ ಪುಸ್ತಕ ಇದೆ. ಅದರ 12ನೇ ಅಧ್ಯಾಯದಲ್ಲಿ ಆರು ವಚನಗಳೊಳಗೆ ಮುಗಿದುಹೋಗುವ ಕಥೆ ಇದು.

ಯೆಪ್ತಾಹ ಎಂಬ ನಾಯಕ ಅಮ್ಮೋನಿಯರ ಮೇಲೆ ಯುದ್ಧ ಗೆದ್ದಿದ್ದ. ಅವನು ಜೋರ್ಡಾನ್ ನದಿಯ ಪೂರ್ವಕ್ಕಿರುವ ಗಿಲ್ಯಾದಿನವನು. ಪಶ್ಚಿಮಕ್ಕಿದ್ದ ಎಫ್ರಾಯಿಮ್ ಕುಲದವರಿಗೆ ಕೋಪ ಬಂತು. 'ನಮ್ಮನ್ನು ಕರೆಯದೆ ಯುದ್ಧಕ್ಕೆ ಹೋದೆಯಾ? ನಿನ್ನ ಮನೆಗೆ ಬೆಂಕಿ ಇಡುತ್ತೇವೆ' ಎನ್ನುತ್ತಾ ನದಿ ದಾಟಿ ಬಂದರು. ಜಗಳ ಯುದ್ಧವಾಯಿತು, ಗಿಲ್ಯಾದಿನವರು ಗೆದ್ದರು. ಸೋತವರು ಮನೆಗೆ ಓಡಬೇಕು, ಮನೆ ಇರುವುದು ನದಿಯ ಆಚೆ. ನದಿಯಲ್ಲಿ ನೀರು ಕಡಿಮೆ ಇದ್ದು ನಡೆದು ದಾಟಬಹುದಾದ ಜಾಗಗಳನ್ನು, ಅಂದರೆ ಹಾಯಗಡಗಳನ್ನು, ಗಿಲ್ಯಾದಿನವರು ಮೊದಲೇ ಹಿಡಿದು ಕೂತರು.

ಈಗ ಕಷ್ಟ ಕಾವಲಿನವರಿಗೆ. ದಾಟಲು ಬಂದವನು ನಮ್ಮವನೋ ಅವರವನೋ? ಇಬ್ಬರೂ ಇಸ್ರೇಲಿನ ಕುಲದವರೇ. ದೇವರು ಒಬ್ಬನೇ, ಮಾತಾಡುವ ಭಾಷೆಯೂ ಒಂದೇ. ಮುಖ ನೋಡಿ ಗೊತ್ತಾಗುವುದಿಲ್ಲ. 'ನೀನು ಎಫ್ರಾಯಿಮಿನವನಾ?' ಎಂದು ಕೇಳಿದರೆ 'ಅಲ್ಲ' ಎನ್ನುತ್ತಾನೆ. ಅದಕ್ಕೇ ಒಂದು ಪದ ಕೊಟ್ಟರು. 'ಹಾಗಾದರೆ ಶಿಬ್ಬೋಲೆತ್ ಅನ್ನು.' ಎಫ್ರಾಯಿಮಿನವರ ಬಾಯಲ್ಲಿ ಆ 'ಶ' ಹೊರಡುತ್ತಿರಲಿಲ್ಲ. 'ಸಿಬ್ಬೋಲೆತ್' ಎಂದರೆ ಸಾಕು, ಹಿಡಿದು ಅಲ್ಲೇ ಕೊಲ್ಲುತ್ತಿದ್ದರು. ಆ ಹೊತ್ತಿನಲ್ಲಿ 42,000 ಎಫ್ರಾಯಿಮ್ಯರು ಸತ್ತರು ಎಂದು ಬೈಬಲ್ ಲೆಕ್ಕ ಕೊಡುತ್ತದೆ.

ಒಂದೇ ಒಂದು ಅಕ್ಷರ. ಅದೂ 'ಶ' ಮತ್ತು 'ಸ'.

ನಮ್ಮಜ್ಜಿ ಜೀವನಪೂರ್ತಿ 'ಸನಿವಾರ' ಎಂದೇ ಅಂದವರು. ಶಂಕರ ಅವರಿಗೆ ಸಂಕ್ರ, ಶಾಂತಮ್ಮ ಸಾಂತಮ್ಮ. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಮಕ್ಕಳು ಹೋಗುವುದು 'ಸಾಲಿ'ಗೆ. ಈ ಕಥೆ ಮೊದಲ ಸಲ ಓದಿದಾಗ ನನಗೆ ಬಂದ ಯೋಚನೆ ಒಂದೇ: ಅಜ್ಜಿ ಆ ನದಿ ದಾಟುತ್ತಿರಲಿಲ್ಲ.

ಹೆಜ್ಜೆ 3: ಆ ಪದಕ್ಕೆ ಅರ್ಥ ಏನಿತ್ತು ಅಂತ ಕೇಳಿ, ಆಮೇಲೆ ಮರೆತುಬಿಡಿ

ಹೀಬ್ರೂ ಭಾಷೆಯಲ್ಲಿ ಶಿಬ್ಬೋಲೆತ್ ಅಂದರೆ ತೆನೆ. ಗೋಧಿಯ ತೆನೆ, ಜವೆಯ ತೆನೆ. ಅದೇ ಪದಕ್ಕೆ ಹರಿಯುವ ನೀರು, ಪ್ರವಾಹ ಎಂಬ ಅರ್ಥವೂ ಇದೆ. ಬೈಬಲ್ಲಿನ 69ನೇ ಕೀರ್ತನೆಯಲ್ಲಿ ಈ ನೀರಿನ ಅರ್ಥ ಬರುತ್ತದೆ. ನದಿ ದಂಡೆಯಲ್ಲಿ ಕೇಳಿದ ಪದವಾದ್ದರಿಂದ ಅಲ್ಲಿ ನೀರು ಎಂಬ ಅರ್ಥವೇ ಹೊಂದುತ್ತದೆ ಎನ್ನುವವರಿದ್ದಾರೆ.

ಯಾವುದಾದರೂ ಇರಲಿ. ಕಾವಲಿನವರಿಗೆ ತೆನೆಯೂ ಬೇಕಿರಲಿಲ್ಲ, ನೀರೂ ಬೇಕಿರಲಿಲ್ಲ. 'ಶ' ಇರುವ ಯಾವ ಪದವಾದರೂ ನಡೆಯುತ್ತಿತ್ತು. ಈ ಪದವನ್ನು ಸರಿಯಾಗಿ ಬಳಸಲು ನೆನಪಿಡಬೇಕಾದದ್ದು ಇಷ್ಟೇ: ಶಿಬೊಲೆತ್‌ನಲ್ಲಿ ಏನು ಹೇಳಿದರು ಅನ್ನೋದು ಲೆಕ್ಕಕ್ಕಿಲ್ಲ, ಹೇಳಿದವನು ಯಾವ ದಂಡೆಯವನು ಅನ್ನೋದೇ ಲೆಕ್ಕ. ಮುಂದೆ ಬರುವ ಎಲ್ಲ ಅರ್ಥಗಳೂ ಇದರಿಂದಲೇ ಹೊರಡುತ್ತವೆ.

ಅನುವಾದ ಮಾಡುವವರಿಗೆ ಇಲ್ಲೊಂದು ರುಚಿಯಾದ ವಿಷಯ ಇದೆ. ಈ ಕಥೆಯನ್ನು ಗ್ರೀಕ್ ಭಾಷೆಗೆ ತಂದವರಿಗೆ ಪೇಚಾಟ ಆಯಿತು. ಗ್ರೀಕ್‌ನಲ್ಲಿ 'ಶ' ಇಲ್ಲವಲ್ಲ! ಎಫ್ರಾಯಿಮಿನವರು ಎಡವಿದ ಕಡೆಯೇ ಭಾಷಾಂತರಕಾರರೂ ಎಡವಿದರು. ಹಳೆಯ ಒಂದು ಗ್ರೀಕ್ ಪ್ರತಿಯಲ್ಲಿ ತೆನೆಗೆ ಇರುವ ಗ್ರೀಕ್ ಪದವನ್ನೇ ಹಾಕಿದ್ದಾರೆ. ಇನ್ನೊಂದರಲ್ಲಿ 'ಗುರುತಿನ ಮಾತು ಹೇಳು' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಕನ್ನಡಕ್ಕೆ ಆ ಕಷ್ಟವೇ ಇಲ್ಲ. ಸ, ಶ, ಷ ಮೂರೂ ನಮ್ಮ ಹತ್ತಿರ ಇವೆ, ಬರೆಯುವಾಗಲಾದರೂ.

ಇಂಗ್ಲಿಷಿಗೆ ಪದ ಬಂದದ್ದು ಬೈಬಲ್ ಅನುವಾದಗಳ ಮೂಲಕ. 17ನೇ ಶತಮಾನದಲ್ಲಿ ಅದು ಬೈಬಲ್ಲಿನಿಂದ ಹೊರಗೆ ಕಾಲಿಟ್ಟಿತು. ಇಂಗ್ಲೆಂಡಿನಲ್ಲಿ ಆಗ ಪಂಥ ಪಂಥಗಳ ನಡುವೆ ದೊಡ್ಡ ಜಗಳ. ಯಾವ ಪಂಥದವನು ಅನ್ನೋದನ್ನು ಅವನು ಬಳಸುವ ಒಂದೆರಡು ಪದಗಳಲ್ಲೇ ಹಿಡಿಯುತ್ತಿದ್ದ ಕಾಲ. ಅಂಥ ಕಾಲಕ್ಕೆ ಹೇಳಿ ಮಾಡಿಸಿದ ಪದ ಇದು. ಕವಿ ಮಿಲ್ಟನ್ 1671ರಲ್ಲಿ ಪ್ರಕಟಿಸಿದ, ಸ್ಯಾಮ್ಸನ್ ಕುರಿತ ಕಾವ್ಯನಾಟಕದಲ್ಲಿಯೂ ಈ ನದಿ ದಂಡೆಯ ಪ್ರಸ್ತಾಪ ಬರುತ್ತದೆ.

ಹೆಜ್ಜೆ 4: ಮೂರು ಅರ್ಥಗಳನ್ನು ಬೇರೆ ಮಾಡಿಕೊಳ್ಳಿ

ನಾನು ಎಡವಿದ್ದು ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಮೊದಲನೆಯದು ನಾಲಿಗೆಯ ಪರೀಕ್ಷೆ. ಒಬ್ಬ ಮನುಷ್ಯ ಯಾವ ಊರಿನವನು, ಯಾವ ಭಾಷೆಯವನು ಎಂದು ಹಿಡಿಯಲು ಬಳಸುವ ಪದ ಅಥವಾ ಸದ್ದು. ಕಥೆಯಲ್ಲಿದ್ದ ಅರ್ಥವೇ ಇದು. ಭಾಷಾಶಾಸ್ತ್ರದವರು ಹೆಚ್ಚಾಗಿ ಬಳಸುವುದೂ ಇದನ್ನೇ.

ಚರಿತ್ರೆಯಲ್ಲಿ ಇದರ ಅಣ್ಣತಮ್ಮಂದಿರು ಬೇಕಾದಷ್ಟು. 1282ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಫ್ರೆಂಚರ ವಿರುದ್ಧ ದಂಗೆ ಎದ್ದಾಗ 'ಚೀಚಿರಿ' ಎಂಬ ಪದ ಹೇಳಿಸುತ್ತಿದ್ದರಂತೆ. ಹಾಗೆಂದರೆ ಕಡಲೆಕಾಳು. ಫ್ರೆಂಚರ ಬಾಯಲ್ಲಿ ಅದು ಕೆಡುತ್ತಿತ್ತು ಎಂದು ಜನಪದ ಹೇಳುತ್ತದೆ. 1302ರಲ್ಲಿ ಈಗಿನ ಬೆಲ್ಜಿಯಂನ ಬ್ರೂಜ್ ಊರಲ್ಲಿ 'ಗುರಾಣಿ ಮತ್ತು ಗೆಳೆಯ' ಎಂಬರ್ಥದ ಎರಡು ಪದಗಳಿಂದ ಫ್ರೆಂಚರನ್ನು ಪತ್ತೆ ಮಾಡಿದರು ಎಂಬ ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ಡಚ್ಚರು ಜರ್ಮನ್ನರನ್ನು ಹಿಡಿಯಲು 'ಸ್ಖೆವೆನಿಂಗನ್' ಎಂಬ ಊರ ಹೆಸರು ಹೇಳಿಸುತ್ತಿದ್ದರು ಅನ್ನುತ್ತಾರೆ. 1937ರ ಅಕ್ಟೋಬರಿನಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ಗಡಿಯಲ್ಲಿದ್ದ ಹೈಟಿ ಮೂಲದವರ ಕಗ್ಗೊಲೆ ಮಾಡಿಸಿದ. ಸೈನಿಕರು ಒಂದು ಸೊಪ್ಪಿನ ಕಂತೆ ಹಿಡಿದು 'ಇದೇನು?' ಎಂದು ಕೇಳುತ್ತಿದ್ದರು ಎಂಬುದು ಆ ಘಟನೆಗೆ ಅಂಟಿಕೊಂಡ ಮಾತು. ಸ್ಪ್ಯಾನಿಷ್‌ನಲ್ಲಿ ಅದು 'ಪೆರೆಹೀಲ್', ಅಂದರೆ ಪಾರ್ಸ್ಲಿ ಸೊಪ್ಪು. ನಡುವಿನ 'ರ' ಹೈಟಿಯವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೇ ಇಂದಿಗೂ ಅದರ ಹೆಸರು ಪಾರ್ಸ್ಲಿ ಹತ್ಯಾಕಾಂಡ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ನಮ್ಮ ಪಕ್ಕದ್ದು. 1983ರ ಜುಲೈಯಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ದಾಳಿ ನಡೆದಾಗ, ಬಸ್ಸು ಹತ್ತಿ ಬಂದವರು ಬಕೆಟ್ಟಿಗೆ ಇರುವ ಸಿಂಹಳ ಪದವನ್ನು ಹೇಳಿಸುತ್ತಿದ್ದರು. 'ಬಾಲ್ದಿಯ'. ತಮಿಳು ಮಾತಾಡುವವರಿಗೆ ಪದದ ಮೊದಲಲ್ಲಿ 'ಬ' ಕಷ್ಟ. ಈ ಪದ ನಮಗೆ ಗೊತ್ತು. ಮಂಗಳೂರು ಕಡೆಯ ಬಚ್ಚಲಲ್ಲಿ ಇರುವ ಬಾಲ್ದಿಯೇ ಅದು. ಪೋರ್ಚುಗೀಸರಿಂದ ಎರಡೂ ಕಡೆಗೆ ಬಂದದ್ದು. ತೆನೆ, ಕಡಲೆ, ಸೊಪ್ಪು, ಬಾಲ್ದಿ. ಎಲ್ಲಾ ಮನೆಯೊಳಗಿನ ಸಾಮಾನುಗಳೇ, ನೋಡಿ.

ಎರಡನೆಯದು ಗುಂಪಿನ ಗುರುತು. ಇಲ್ಲಿ ನಾಲಿಗೆಯ ಕಷ್ಟ ಇರಲೇಬೇಕೆಂದಿಲ್ಲ. ಒಂದು ಪದ, ಒಂದು ಅಭ್ಯಾಸ, ಒಂದು ಉಡುಪು, ಒಂದು ಊಟದ ರೀತಿ, ಯಾವುದಾದರೂ ಆಗಬಹುದು. ಅದು 'ನಮ್ಮವರು' ಮತ್ತು 'ಹೊರಗಿನವರು' ಎಂದು ಗೆರೆ ಎಳೆದರೆ ಸಾಕು. 1954ರಲ್ಲಿ ಅಲನ್ ರಾಸ್ ಎಂಬ ಬ್ರಿಟಿಷ್ ಭಾಷಾಶಾಸ್ತ್ರಜ್ಞರು ಇಂಗ್ಲೆಂಡಿನ ಮೇಲ್ವರ್ಗದವರ ಮಾತನ್ನು ಪಟ್ಟಿ ಮಾಡಿದರು. ಊಟದ ಬಟ್ಟೆಯನ್ನು ಮೇಲ್ವರ್ಗದವರು 'ನ್ಯಾಪ್‌ಕಿನ್' ಅನ್ನುತ್ತಾರೆ, ಮೇಲ್ವರ್ಗದಂತೆ ಕಾಣಲು ಹೊರಟವರು 'ಸರ್ವಿಯೆಟ್' ಅನ್ನುತ್ತಾರೆ. ನಾಜೂಕು ಮಾಡಲು ಹೋದವನೇ ಸಿಕ್ಕಿಬೀಳುತ್ತಾನೆ! 'ಡು ದ ನೀಡ್‌ಫುಲ್', 'ಪ್ರಿಪೋನ್' ಇವು ಭಾರತದ ಇಂಗ್ಲಿಷಿನ ಶಿಬೊಲೆತ್‌ಗಳು ಎಂದು ಯಾರಾದರೂ ಬರೆದರೆ ಅದು ಈ ಅರ್ಥದಲ್ಲೇ. ಹಾಗೆ ಬರೆದರೆ ಬೇಜಾರೇನೂ ಬೇಡ, 'ಪ್ರಿಪೋನ್' ಒಳ್ಳೆಯ ಪದ.

ಮೂರನೆಯದು ಸವಕಲು ನಂಬಿಕೆ. ಇವತ್ತಿನ ಪತ್ರಿಕೆಗಳಲ್ಲಿ ಹೆಚ್ಚು ಸಿಗುವುದು ಇದು. ಒಂದು ಗುಂಪಿನವರು ಯೋಚನೆ ಮಾಡದೆ ಹೇಳುತ್ತಾ ಬಂದ ಮಾತು. ಒಮ್ಮೆ ಅದಕ್ಕೆ ಅರ್ಥ ಇದ್ದಿರಬಹುದು, ಈಗ ಸವೆದಿದೆ. ಆದರೂ ಹೇಳಲೇಬೇಕು. ಹೇಳದಿದ್ದರೆ 'ಇವನು ನಮ್ಮವನಾ?' ಎಂಬ ಅನುಮಾನ ಬರುತ್ತದೆ. 'ರೈತನೇ ದೇಶದ ಬೆನ್ನೆಲುಬು' ಎಂಬ ಮಾತು ನೋಡಿ. ಎಲ್ಲಾ ಪಕ್ಷದ ವೇದಿಕೆಯಲ್ಲೂ ಬರುತ್ತದೆ, ಎಲ್ಲಾ ಹೈಸ್ಕೂಲ್ ಪ್ರಬಂಧದಲ್ಲೂ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವವರು ಯಾರೂ ಬೆನ್ನೆಲುಬಿನ ಬಗ್ಗೆ ಯೋಚಿಸುತ್ತಿರುವುದಿಲ್ಲ. ವೇದಿಕೆ ಹತ್ತಿದ ಮೇಲೆ ದಾಟಬೇಕಾದ ಹಾಯಗಡ ಅದು.

ಪಾಸ್‌ವರ್ಡ್ ಪ್ರಶ್ನೆ ಕೇಳಿದ ಸಂಪಾದಕರಿಗೆ ಬೇಕಿದ್ದದ್ದು ಈ ಮೂರನೆಯದು. ನಾನು ಕೊಟ್ಟದ್ದು ಮೊದಲನೆಯದಕ್ಕೂ ಸರಿಹೊಂದದ ಒಂದು ಪದ.

ಯಾವ ಅರ್ಥ ಎಂದು ಹಿಡಿಯುವುದು ಹೇಗೆ? ಅಕ್ಕಪಕ್ಕ ನೋಡಿ. ಉಚ್ಚಾರ, ಗಡಿ, ಭಾಷೆ ಎಂಬ ಮಾತು ಸುತ್ತ ಇದ್ದರೆ ಮೊದಲನೆಯದು. ವರ್ಗ, ಶಾಲೆ, ಉಡುಗೆ, ನಡವಳಿಕೆ ಇದ್ದರೆ ಎರಡನೆಯದು. 'ಹಳೆಯ', 'ಅಂಟಿಕೊಂಡ', 'ಕೈಬಿಟ್ಟ' ಎಂಬಂಥ ಪದಗಳು ಕಂಡರೆ, ಹಿಂದೆ ಪಕ್ಷವೋ ಸಿದ್ಧಾಂತವೋ ನಿಂತಿದ್ದರೆ, ಕಣ್ಣುಮುಚ್ಚಿ ಮೂರನೆಯದು ಅನ್ನಿ.

ಹೆಜ್ಜೆ 5: ನಿಮ್ಮ ಊರಿನ ಶಿಬೊಲೆತ್ ಹುಡುಕಿ

ಪರದೇಶದ ಪದವನ್ನು ಅರಗಿಸಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದು. ಮನೆಯೊಳಗೇ ಉದಾಹರಣೆ ಸಿಕ್ಕಿತೆಂದರೆ ಮತ್ತೆ ಮರೆಯುವುದಿಲ್ಲ.

ಕನ್ನಡದ ದೊಡ್ಡ ಶಿಬೊಲೆತ್ 'ಳ'. ಬೆಂಗಳೂರಿಗೆ ಹೊಸದಾಗಿ ಬಂದವರು ಮಾರತ್‌ಹಳ್ಳಿಯನ್ನು 'ಮಾರತ್‌ಹಲ್ಲಿ' ಅನ್ನುತ್ತಾರೆ. ಊರು ಹೋಗಿ ಗೋಡೆ ಮೇಲಿನ ಹಲ್ಲಿ ಆಯಿತು. ಇನ್ನು 'ಹೇಳಿ' ಅನ್ನಲು ಹೋದವರ ಪಾಡು ಬೇಡವೇ ಬೇಡ. ಪಾಪ, 'ಏನ್ ಬೇಕು ಹೇಲಿ ಸಾರ್' ಎಂದು ಎಷ್ಟು ವಿನಯದಿಂದ ಕೇಳುತ್ತಾರೆ, ಕೇಳಿಸಿಕೊಂಡವರು ನಗು ತಡೆಯಲಾರದೆ ಒದ್ದಾಡುತ್ತಾರೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ಬಿಡಿ ಎಂದು ಹೇಳಿಕೊಟ್ಟರೆ ಎರಡು ದಿನದಲ್ಲಿ ಬರುತ್ತದೆ. ಯಾರೂ ಹೇಳಿಕೊಡುವುದಿಲ್ಲ, ನಗುತ್ತಾರೆ ಅಷ್ಟೇ.

ಇನ್ನೊಂದು ಸೂಕ್ಷ್ಮ ಗಮನಿಸಿ. 'ಳ' ಹಿಂದಿಯವರನ್ನು, ಬಂಗಾಳಿಗಳನ್ನು ಹಿಡಿಯುತ್ತದೆ. ಮರಾಠಿ, ಗುಜರಾತಿ, ಒಡಿಯಾದವರನ್ನು ಹಿಡಿಯುವುದಿಲ್ಲ, ಅವರಿಗೆ ಆ ಸದ್ದು ಮನೆಯದೇ. ತಮಿಳು, ತೆಲುಗು, ಮಲಯಾಳಂನವರೂ ಸಲೀಸಾಗಿ ದಾಟುತ್ತಾರೆ. ಅಂದರೆ ಇದು ಕನ್ನಡಿಗರನ್ನು ಗುರುತಿಸುವ ಪರೀಕ್ಷೆ ಅಲ್ಲ, ಕೆಲವು ಹೊರಗಿನವರನ್ನು ಹಿಡಿಯುವ ಬಲೆ. ಶಿಬೊಲೆತ್‌ಗಳೆಲ್ಲ ಹೀಗೇ, ಹಿಡಿಯಬೇಕಾದವರ ಅಳತೆ ನೋಡಿ ಹೆಣೆದ ಬಲೆಗಳು.

ಒಳಗಿನವರನ್ನೇ ಹಿಡಿಯುವ ಶಿಬೊಲೆತ್ 'ಹ'. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಲು 'ಆಲು', ಹಳ್ಳಿ 'ಅಳ್ಳಿ', ಹೋಗು 'ಓಗು'. ಅದೊಂದು ಕ್ರಮಬದ್ಧವಾದ ಮಾತು, ತಪ್ಪೇನಲ್ಲ. ಆದರೆ ಅದನ್ನು ತಪ್ಪು ಎಂದು ನಗುವವರ ಎದುರು ನಿಂತಾಗ ಏನಾಗುತ್ತದೆ ಗೊತ್ತಾ? ಭಯಕ್ಕೆ, ಇಲ್ಲದ ಕಡೆಯೂ 'ಹ' ಬಂದು ಕೂರುತ್ತದೆ. 'ಆದರದ ಸ್ವಾಗತ' ಕೋರಲು ಹೋಗಿ 'ಹಾದರದ ಸ್ವಾಗತ' ಕೋರಿದ ಹಳೇ ಜೋಕು ನೀವು ಕೇಳಿರುತ್ತೀರಿ. ನಾನೂ ನಕ್ಕಿದ್ದೇನೆ. ಈ ಪದದ ಕಥೆ ತಿಳಿದ ಮೇಲೆ ಆ ಜೋಕು ಮೊದಲಿನಷ್ಟು ರುಚಿಸುವುದಿಲ್ಲ. ನಮ್ಮಲ್ಲಿ 'ಅ'ಕಾರ 'ಹ'ಕಾರದ ಹಿಂದೆ ಊರು ಮಾತ್ರ ಇಲ್ಲ, ಓದು, ದುಡ್ಡು, ಜಾತಿ ಎಲ್ಲವನ್ನೂ ಅಳೆಯುವ ಕಿವಿ ಇದೆ.

ಹಾಗಂತ ಊರಿನ ಪ್ರತಿ ಮಾತೂ ಶಿಬೊಲೆತ್ ಆಗುವುದಿಲ್ಲ. ಧಾರವಾಡದ 'ಹೌದ್ರಿ', ಮಂಗಳೂರಿನ 'ಎಂತ ಮಾರಾಯ್ರೆ' ಎಲ್ಲರಿಗೂ ಗೊತ್ತಿರುವ ಮಾತುಗಳು. ಬೆಂಗಳೂರಿನವನು ಕರಾವಳಿಯವನಂತೆ ನಟಿಸಲು ಹೊರಟರೆ ಮೊದಲು ಎತ್ತಿಕೊಳ್ಳುವುದೇ 'ಮಾರಾಯ್ರೆ'. ನಿಜವಾದ ಮಂಗಳೂರಿಗರು ಅದರಲ್ಲಿ ಮೋಸ ಹೋಗುವುದಿಲ್ಲ. 'ಹೋಗೋಣ' ಅಂತಾನೋ 'ಹೋಗುವ' ಅಂತಾನೋ ಎಂದು ಕಿವಿ ಕೊಡುತ್ತಾರೆ. ಎಲ್ಲರಿಗೂ ಕಾಣುವ ಗುರುತು ವೇಷಕ್ಕೆ ಸಿಗುತ್ತದೆ. ಶಿಬೊಲೆತ್ ವೇಷಕ್ಕೆ ಸಿಗದ ಗುರುತು.

ಈಗ ನೀವು ಒಂದು ಕೆಲಸ ಮಾಡಿ. ನಿಮ್ಮ ಊರಿನವರು ಮಾತ್ರ ಸರಿಯಾಗಿ ಹೇಳುವ, ಪಕ್ಕದ ತಾಲ್ಲೂಕಿನವರು ಎಡವುವ ಒಂದು ಪದ ಬರೆದಿಡಿ. ಊರ ಹೆಸರಿನಲ್ಲೇ ಹುಡುಕಿ, ಬೇಗ ಸಿಗುತ್ತದೆ.

ಹೆಜ್ಜೆ 6: ವಾಕ್ಯದಲ್ಲಿ ಕೂರಿಸಿ

ಇದು ಎಣಿಸಬಹುದಾದ ನಾಮಪದ. ಒಂದಾದರೆ ಹಿಂದೆ 'ಎ' ಬರುತ್ತದೆ, ಹೆಚ್ಚಾದರೆ 'ಶಿಬೊಲೆತ್ಸ್' ಆಗುತ್ತದೆ. ಕ್ರಿಯಾಪದವಾಗಿ ಬಳಸಬೇಡಿ. ಮನುಷ್ಯರಿಗೂ ಬಳಸಬೇಡಿ; ಒಬ್ಬ ವ್ಯಕ್ತಿ ಶಿಬೊಲೆತ್ ಆಗಲಾರ, ಅವನ ಮಾತೋ ಅಭ್ಯಾಸವೋ ಆಗಬಹುದು.

ಕೆಲವು ಜೋಡಿಗಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿವೆ. 'ಓಲ್ಡ್ ಶಿಬೊಲೆತ್ಸ್', 'ಪೊಲಿಟಿಕಲ್ ಶಿಬೊಲೆತ್ಸ್', 'ದ ಶಿಬೊಲೆತ್ಸ್ ಆಫ್ ದ ಪಾರ್ಟಿ', 'ಎ ಗ್ರಾಮರ್ ಶಿಬೊಲೆತ್'. ಕೊನೆಯದರ ಬಗ್ಗೆ ಒಂದು ಮಾತು. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದು ಎಂದು ನಮಗೆ ಶಾಲೆಯಲ್ಲಿ ಬೆರಳು ತೋರಿಸಿ ಹೇಳಿದ್ದರು. ಒಳ್ಳೆಯ ಇಂಗ್ಲಿಷ್ ಬರೆಯುವವರು ಯಾವ ಕಾಲದಿಂದಲೂ ಹಾಗೆ ಮುಗಿಸುತ್ತಲೇ ಬಂದಿದ್ದಾರೆ. ಆ ನಿಯಮದಿಂದ ಭಾಷೆ ಸುಧಾರಿಸಿಲ್ಲ, ಯಾರು ಅದನ್ನು ಕಲಿತಿದ್ದಾರೆ ಎಂದು ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಅದು ಗ್ರಾಮರ್ ಶಿಬೊಲೆತ್.

ಮೂರು ವಾಕ್ಯ ನೋಡಿ, ಕನ್ನಡದಲ್ಲಿ ನಾನು ಹೇಗೆ ಬಿಡಿಸುತ್ತೇನೆ ಎಂಬುದರ ಜೊತೆಗೆ.

'ದ ವರ್ಡ್ ಬಿಕೇಮ್ ಎ ಶಿಬೊಲೆತ್ ಅಟ್ ದ ಬಾರ್ಡರ್.' – ಗಡಿಯಲ್ಲಿ ಆ ಪದ ಹೇಳಿಸಿಯೇ ಯಾರು ಎತ್ತಲವರು ಎಂದು ಪತ್ತೆ ಹಚ್ಚುತ್ತಿದ್ದರು.

'ನೋಯಿಂಗ್ ವಿಚ್ ಫೋರ್ಕ್ ಟು ಯೂಸ್ ಈಸ್ ಎ ಸೋಷಿಯಲ್ ಶಿಬೊಲೆತ್.' – ಯಾವ ಫೋರ್ಕ್ ಎತ್ತಿಕೊಳ್ಳುತ್ತೀರಿ ಎಂಬುದರಲ್ಲೇ ನೀವು ಯಾವ ಮನೆಯವರು ಎಂದು ಅಳೆದುಬಿಡುತ್ತಾರೆ.

'ದೇ ಸ್ಟಿಲ್ ಕ್ಲಿಂಗ್ ಟು ದ ಓಲ್ಡ್ ಶಿಬೊಲೆತ್ಸ್.' – ಇನ್ನೂ ಅದೇ ಹಳೇ ಗಿಳಿಪಾಠ ಒಪ್ಪಿಸುತ್ತಿದ್ದಾರೆ.

ಮೂರನೇ ಅರ್ಥದಲ್ಲಿ ಪದಕ್ಕೆ ಕೊಂಚ ಮೂಗುಮುರಿಯುವ ಧ್ವನಿ ಇದೆ. ನೀವು ಗೌರವಿಸುವ ನಂಬಿಕೆಗೆ ಶಿಬೊಲೆತ್ ಅನ್ನಬೇಡಿ, ಓದುವವರು ನೀವು ಗೇಲಿ ಮಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಹೆಜ್ಜೆ 7: ಯಾವುದಲ್ಲ ಅಂತ ತಿಳಿದುಕೊಳ್ಳಿ

ಪಾಸ್‌ವರ್ಡ್ ಅಲ್ಲ. ಪಾಸ್‌ವರ್ಡ್ ಕದಿಯಬಹುದು, ಕಿವಿಯಲ್ಲಿ ಹೇಳಬಹುದು, ಸಿಕ್ಕವರೆಲ್ಲ ಒಳಗೆ ಹೋಗಬಹುದು. ಎಫ್ರಾಯಿಮಿನವನಿಗೆ ಕಾವಲುಗಾರನೇ ಪದವನ್ನು ಹೇಳಿಕೊಟ್ಟ. ಆದರೂ ದಾಟಲು ಆಗಲಿಲ್ಲ. ವ್ಯತ್ಯಾಸ ಅಲ್ಲಿದೆ.

ಕ್ಲೀಷೆಯೂ ಅಲ್ಲ. ಕ್ಲೀಷೆ ಸವೆದ ಮಾತು ಅಷ್ಟೇ, ಅದನ್ನು ಯಾರು ಬೇಕಾದರೂ ಆಡುತ್ತಾರೆ. ಶಿಬೊಲೆತ್ ಒಂದು ಗುಂಪಿನವರು ಆಡಲೇಬೇಕಾದ ಸವೆದ ಮಾತು. ಜಾರ್ಗನ್ ಕೆಲಸಕ್ಕೆ ಬೇಕಾದ ಪರಿಭಾಷೆ. ವೈದ್ಯರು ವೈದ್ಯರ ಜೊತೆ ಆಡುವುದು. ಅದನ್ನೇ ಹೊರಗಿನವರನ್ನು ದೂರ ಇಡಲು ಬಳಸಿದರೆ ಶಿಬೊಲೆತ್ ಕಡೆ ವಾಲುತ್ತದೆ.

ಕನ್ನಡದಲ್ಲಿ 'ಒರೆಗಲ್ಲು' ಎಂದು ಹಾಕುವ ಆಸೆ ತುಂಬಾ ಜನರಿಗೆ ಬರುತ್ತದೆ, ನನಗೂ ಬಂದಿತ್ತು. ತಪ್ಪು. ಒರೆಗಲ್ಲು ಚಿನ್ನದ ಗುಣ ಹೇಳುತ್ತದೆ. ಶಿಬೊಲೆತ್ ಗುಣ ಕೇಳುವುದೇ ಇಲ್ಲ.

ಹಾಗಾದರೆ ಕನ್ನಡದಲ್ಲಿ ಏನು ಬರೆಯುವುದು? ಮೊದಲ ಅರ್ಥಕ್ಕೆ 'ಪತ್ತೆಮಾತು' ಎಂದು ಬರೆದು ನೋಡಿದ್ದೇನೆ, ಓದುಗರು ಹಿಡಿದುಕೊಂಡರು. ಎರಡನೆಯದಕ್ಕೆ 'ಗುಂಪಿನ ಗುರುತು', 'ಒಳಗಿನವರ ಗುರುತು' ಸಾಕು. ಮೂರನೆಯದಕ್ಕೆ 'ಗಿಳಿಪಾಠ', 'ಸವಕಲು ಮಾತು', 'ಅದೇ ಹಳೇ ಮಂತ್ರ' ಎಲ್ಲವೂ ನಡೆಯುತ್ತವೆ, ವಾಕ್ಯದ ಬಿಸಿ ನೋಡಿ ಆರಿಸಿಕೊಳ್ಳಿ. ಮೂರಕ್ಕೂ ಒಂದೇ ಕನ್ನಡ ಪದ ಹುಡುಕಲು ಹೋಗಬೇಡಿ. ನಾನು ಹೋಗಿ ಒಂದು ವಾರ ಕಳೆದುಕೊಂಡಿದ್ದೇನೆ.

ಹೆಜ್ಜೆ 8: ಬೇರೆ ವೇಷದಲ್ಲಿ ಸಿಕ್ಕರೆ ಗಾಬರಿ ಬೇಡ

ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಈ ಪದ ಮೊದಲು ಸಿಗುವುದು ಕಂಪ್ಯೂಟರಿನಲ್ಲೇ ಇರಬಹುದು. ಆನ್‌ಲೈನ್ ಸಂಶೋಧನಾ ಪತ್ರಿಕೆ ತೆರೆಯಲು ಹೋದರೆ 'ಶಿಬೊಲೆತ್ ಮೂಲಕ ಲಾಗಿನ್ ಆಗಿ' ಎಂದು ಬರುತ್ತದೆ. ಅದು ಒಂದು ಸಾಫ್ಟ್‌ವೇರಿನ ಹೆಸರು. ನೀವು ಯಾವ ಸಂಸ್ಥೆಯವರು ಎಂದು ನಿಮ್ಮ ಸಂಸ್ಥೆಯೇ ಹೇಳಿ, ಪತ್ರಿಕೆಯವರ ಬಾಗಿಲು ತೆರೆಸುವ ವ್ಯವಸ್ಥೆ. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ವಿಶ್ವವಿದ್ಯಾಲಯಗಳಿಗಾಗಿ ನಡೆಸುವ ಲಾಗಿನ್ ಒಕ್ಕೂಟದ ಹಿಂದೆಯೂ ಇದೇ ಇದೆ. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು. ಅಲ್ಲೂ ಕೇಳುವುದು ಅದೇ, 'ನೀನು ಯಾವ ಕಡೆಯವನು?' ಪುಣ್ಯಕ್ಕೆ, ತಪ್ಪು ಉತ್ತರ ಕೊಟ್ಟರೆ ಕೆಂಪು ಅಕ್ಷರದ ಒಂದು ಸಾಲು ಮಾತ್ರ ಬರುತ್ತದೆ.

ಇನ್ನೊಂದು ಕಡೆ ಇದು ಕಲಾಕೃತಿಯ ಹೆಸರು. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ದೊಡ್ಡ ಹಜಾರದ ನೆಲದಲ್ಲಿ 167 ಮೀಟರ್ ಉದ್ದದ ಬಿರುಕು ಮಾಡಿಸಿದರು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಹೋಗುತ್ತಾ ಹೋಗುತ್ತಾ ಕಾಲು ಸಿಕ್ಕುವಷ್ಟು ಅಗಲ. ಹೆಸರು 'ಶಿಬೊಲೆತ್'. ವಲಸೆ ಬಂದವರಿಗೂ ಅಲ್ಲಿಯವರಿಗೂ ನಡುವಿನ ಬಿರುಕಿನ ಬಗ್ಗೆ ಅದು. 2008ರಲ್ಲಿ ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿಸಿದರು. ತುಂಬಿಸಿದ ಗುರುತು ನೆಲದ ಮೇಲೆ ಉಳಿದುಕೊಂಡಿತು, ಹಳೇ ಗಾಯದ ಕಲೆಯ ಹಾಗೆ.

ಕೊನೆಗೆ ಆ ಕೆಂಪು ಸುತ್ತಿನ ವಾಕ್ಯಕ್ಕೆ ಬರೋಣ. ಇವತ್ತು ಅದು ನನ್ನ ಮುಂದೆ ಬಂದರೆ ಹೀಗೆ ಬರೆಯುತ್ತೇನೆ: 'ಪಕ್ಷದಲ್ಲಿ ಎಲ್ಲರೂ ಒಪ್ಪಿಸುತ್ತಿದ್ದ ಗಿಳಿಪಾಠವನ್ನು ಅವರು ಒಪ್ಪಿಸಲಿಲ್ಲ.' ಸಂಪಾದಕರು ಅಂದು ತಾವೇ ತಿದ್ದಿದ್ದು ಇನ್ನೂ ಚಿಕ್ಕದಾಗಿತ್ತು. 'ಪಕ್ಷದ ಭಜನೆಗೆ ಅವರು ತಾಳ ಹಾಕಲಿಲ್ಲ.'